ಕಷಾಯದಲ್ಲಿ ಏನೇನಿದೆ?

ಕಳೆದ ವಾರ ದೊಡ್ಮನೆಗೆ ಹೋಗಿದ್ದೆ. ನಮ್ಮ ಪತ್ರಿಕೆಗೆ ಕುಸಿದ ಮೋರಿಯೊಂದರ ಸುದ್ದಿ. ಮೋರಿ ನೋಡಿ, ಫೋಟೊ ತೆಗೆದು, ನಾಲ್ಕು ಜನರ ಹೇಳಿಕೆ ಬರೆದುಕೊಂಡ ಮೇಲೆ ರಸ್ತೆ ಪಕ್ಕದ ಮನೆಯ ಜಗಲಿಯಲ್ಲಿ ಕುಳಿತೆ. ನಮ್ಮ ಕಡೆ ಮನೆಗೆ ಬಂದವರ ಹೆಸರು ಕೇಳುವುದಕ್ಕಿಂತ ಮೊದಲು ಕುಡಿಯಲು ಏನು ಬೇಕೆಂದು ಕೇಳುತ್ತಾರೆ. ಆ ಮನೆಯಾಕೆಯೂ ಕೇಳಿದರು: “ಆಸ್ರಿಗೆ ಎಂತ ಮಾಡ್ಲಿ?” ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ತೀರ್ಮಾನಿಸಿ ಒಳಗೆ ಹೋಗಿದ್ದರು. ಬಂದದ್ದು ಕಷಾಯ. ಹುರಿದ ಕೊತ್ತಂಬರಿ, ಜೀರಿಗೆ, ಮೆಂತೆಯ ವಾಸನೆ. ಮೇಲೆ ಹಾಲಿನ ತೆಳು ಕೆನೆ. ಒಳಕೋಣೆಯಲ್ಲಿ ಮನೆಯ ಯಜಮಾನರು ಜೋರಾಗಿ ಸೀನುತ್ತಿದ್ದರು.

ಲೋಟ ಬಾಯಿಯ ಹತ್ತಿರ ಬಂದು ಅಲ್ಲೇ ನಿಂತಿತು. ಬೆಳಿಗ್ಗೆ ಶಿರಸಿಯಿಂದ ಹೊರಡುವಾಗ ನಾನೂ ಅಲರ್ಜಿಯ ಮಾತ್ರೆಯೊಂದನ್ನು ನುಂಗಿದ್ದೆ. ವಾಪಸು ಬೈಕಿನಲ್ಲೇ ಹೋಗಬೇಕು. ಒಂದು ಲೋಟ ಕಷಾಯದ ಮುಂದೆ ಇಷ್ಟೊಂದು ಯೋಚನೆಯೇ ಎಂದು ನೀವು ನಗಬಹುದು. ಕುಡಿಯುವ ಹದಕ್ಕೆ ಅದು ಆರುವಷ್ಟರಲ್ಲಿ ಕಾರಣ ಹೇಳಿಬಿಡುತ್ತೇನೆ.

ಯಲ್ಲಾಪುರದಲ್ಲಿ ನನ್ನ ದೊಡ್ಡಪ್ಪನ ಮಗಳು ಶಾಂತಕ್ಕನ ಮನೆಯಿದೆ. ಅವಳ ಗಂಡ ಮಂಜು ಭಾವ ಬಾಡಿಗೆ ಕಾರು ಓಡಿಸುತ್ತಾರೆ. ಪ್ರವಾಸಿಗರ ಹಿಂದೆ ಬಿದ್ದವರಲ್ಲ. ಅವರ ಕಾರಿನಲ್ಲಿ ಹೋಗುವವರು ಹೆಚ್ಚಿನಂಶ ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವವರು. ಕಣ್ಣಿನ ಪೊರೆ, ಮಂಡಿ ನೋವು, ಡಯಾಲಿಸಿಸ್. ಹಾಗಾಗಿ ಕಾರಿನಲ್ಲಿ ಹಾಡು ಹಾಕುವ ಪದ್ಧತಿ ಇಲ್ಲ. ಗುಂಡಿ ಬಂದರೆ ಮೊದಲೇ “ಗಟ್ಟಿ ಹಿಡ್ಕಳಿ” ಎನ್ನುತ್ತಾರೆ. ಎಷ್ಟೋ ವರ್ಷ ಓಡಿಸಿದರೂ ಬಂಪರಿಗೆ ಗೀರು ಬಿದ್ದಿರಲಿಲ್ಲ. ಅದನ್ನು ಅವರು ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಬಂದವರನ್ನು ಮಾತಾಡಿಸುವಾಗ ಬಂಪರಿನ ಪಕ್ಕದಲ್ಲೇ ನಿಲ್ಲುತ್ತಿದ್ದರು.

ಅವರಿಗೊಂದು ಹಳೆಯ ತೊಂದರೆ. ಗದ್ದೆ ಕೊಯ್ಲಿನ ಕಾಲಕ್ಕೆ ಹುಲ್ಲಿನ ಧೂಳು ಎದ್ದರೆ ಸೀನು ಹಿಡಿಯುತ್ತದೆ. ಮೂಗು ಕಟ್ಟುತ್ತದೆ, ಕಣ್ಣು ಕೆಂಪಾಗುತ್ತದೆ. ಪೇಟೆಯ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಮಾತ್ರೆ ತಂದು ನುಂಗುತ್ತಿದ್ದರು. ಸೀನು ನಿಲ್ಲುತ್ತಿತ್ತು, ಸ್ವಲ್ಪ ಮಂಪರು ಬರುತ್ತಿತ್ತು, ಅದೂ ಅಭ್ಯಾಸವಾಗಿತ್ತು.

ಒಂದು ಸಂಜೆ ಸುದ್ದಿಯ ಕೆಲಸ ಮುಗಿಸಿ ಅವರ ಮನೆಗೆ ಹೋದಾಗ ಭಾವ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ಗಾಲಿಯ ಮೇಲಿನ ಕಮಾನಿನ ಒಳಗೆಲ್ಲ ಕೈ ಹಾಕಿ ಉಜ್ಜುತ್ತಿದ್ದರು. ಮದುವೆ ಬಾಡಿಗೆಗೂ ಅಷ್ಟು ತೊಳೆದವರಲ್ಲ.

“ಎಂತ ಭಾವ, ಕಾರಿಗೆ ವಧು ಪರೀಕ್ಷೆಯಾ?”

“ಹೌದು. ಭಾನುವಾರ ನೋಡಲೆ ಬತ್ತ. ಕೊಟ್ಬಿಡ್ತೆ.”

ತಮಾಷೆ ಎಂದುಕೊಂಡೆ. ಅವರು ನೀರಿನ ಪೈಪು ಕೆಳಗಿಟ್ಟು, ಒಳಗೆ ಅಕ್ಕನಿಗೆ ಕೇಳದಷ್ಟು ಸಣ್ಣಗೆ ಹೇಳಿದರು. ಹಿಂದಿನ ವಾರ ಕಣ್ಣಿನ ತಪಾಸಣೆಗೆಂದು ಒಬ್ಬ ಅಜ್ಜಿಯನ್ನೂ ಅವರ ಮಗಳನ್ನೂ ಹುಬ್ಬಳ್ಳಿಗೆ ಕರೆದೊಯ್ದಿದ್ದರು. ಹಗಲು, ಒಳ್ಳೆಯ ಬಿಸಿಲು. ಕಿರವತ್ತಿ ಹತ್ತಿರ ಬರುವಾಗ ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಮಣ್ಣಿಗಿಳಿದವು. ಹಿಂದಿನ ಸೀಟಿನಿಂದ ಅಜ್ಜಿ “ಯೇ ತಮ್ಮಾ!” ಎಂದು ಕೂಗಿದ್ದರಿಂದ ಎಚ್ಚರವಾಯಿತು. ಮುಂದಿನ ಢಾಬಾದಲ್ಲಿ ನಿಲ್ಲಿಸಿ ಮುಖ ತೊಳೆದುಕೊಂಡರು. ಕಣ್ಣೇ ಸರಿ ಕಾಣದ ಆ ಅಜ್ಜಿ ಮತ್ತೆ ಹೊರಟಾಗ ಹುಬ್ಬಳ್ಳಿಯವರೆಗೂ ಅವರಿಗೆ ಕಥೆ ಹೇಳುತ್ತಾ ಕುಳಿತರಂತೆ, ಡ್ರೈವರ್ ಮಲಗದ ಹಾಗೆ.

“ಕಣ್ಣು ಮುಚ್ಚಿದ್ದು ಯಂಗೇ ಗೊತ್ತಾಜಿಲ್ಲೆ. ವಯಸ್ಸಾತು. ಯನ್ನ ಕಾರಲ್ಲಿ ಬೇರೆಯವರ ಮನೆ ಜನ ಕೂತಿರ್ತ.”

ಕಾರು ಮಾರಿದ ಮೇಲೆ ಭಾವ ಏನು ಮಾಡುತ್ತಾರೆ ಎಂಬುದು ನನಗೂ ಹೊಳೆಯಲಿಲ್ಲ, ಅವರಿಗೂ. ಅಷ್ಟರಲ್ಲಿ ಅಕ್ಕ ಕಷಾಯ ತಂದಳು. ಕುಡಿದೆವು. ರಾತ್ರಿ ಅಲ್ಲೇ ಉಳಿದೆ.

ಮರುದಿನ ಬೆಳಿಗ್ಗೆ ಇನ್ನೊಂದು ಲೋಟ ಕುಡಿದು, ನನಗೂ ಧೂಳಿನ ಸೀನು ಇದ್ದುದರಿಂದ ಭಾವನ ಮಾತ್ರೆಯಲ್ಲೇ ಒಂದನ್ನು ಕೇಳಿ ನುಂಗಿ, ತಾಲ್ಲೂಕು ಮಟ್ಟದ ಸಭೆಯೊಂದಕ್ಕೆ ಹೋದೆ. ಕುಡಿಯುವ ನೀರಿನ ವಿಷಯ ಚರ್ಚೆಗೆ ಬಂದದ್ದು ನೆನಪಿದೆ. ಅದು ಮುಗಿದದ್ದು ನೆನಪಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಪತ್ರಿಕೆಯವರು ಭುಜ ತಟ್ಟಿ “ಸಭೆ ಮುಗೀತು, ಇನ್ನು ಮನೆಗೆ ಹೋಗಿ ಮಲಗ್ಬಹುದು” ಎಂದರು. ಅಂಥ ಸಭೆಗಳಲ್ಲಿ ನಿದ್ದೆ ಬರುವುದನ್ನು ಯಾರೂ ರೋಗವೆಂದು ಭಾವಿಸುವುದಿಲ್ಲ. ನನ್ನ ಮುಂದಿನ ಸಾಲಿನಲ್ಲಿದ್ದ ಅಧಿಕಾರಿಗಳು ಯಾವ ಮಾತ್ರೆಯನ್ನೂ ನುಂಗದೆ ಮಲಗಿದ್ದರು. ಆದರೆ ನನ್ನ ನಿದ್ದೆ ಬೇರೆ ತರಹದ್ದು. ನಾಲಿಗೆ ಒಣಗಿತ್ತು, ಎದ್ದ ಮೇಲೂ ತಲೆಯೊಳಗೆ ಹತ್ತಿ ತುಂಬಿದಂತಿತ್ತು. ಅದೇ ಮಾತ್ರೆಯನ್ನು ಶಿರಸಿಯಲ್ಲಿ ಎಷ್ಟೋ ಸಲ ನುಂಗಿದ್ದೇನೆ, ಹೀಗೆ ಆದದ್ದಿಲ್ಲ.

ನಮ್ಮ ಕೆಲಸದಲ್ಲಿ ಒಂದು ರೂಢಿಯಿದೆ. ಒಬ್ಬರು ಹೇಳಿದರೆ ಸುದ್ದಿಯಲ್ಲ, ಇನ್ನೊಂದು ಕಡೆಯಿಂದಲೂ ಖಚಿತವಾಗಬೇಕು. ಭಾವ ಒಂದು ಕಡೆ. ಎರಡನೆಯ ಕಡೆ ನನ್ನದೇ ದೇಹ. ಭಾವನಿಗೆ ವಯಸ್ಸಾಗಿರಬಹುದು. ಆದರೆ ಒಂದೇ ರಾತ್ರಿಯಲ್ಲಿ ನನಗೂ ಅಷ್ಟೇ ವಯಸ್ಸಾಗಲು ಕಾರಣ ಬೇಕಲ್ಲ? ಭಾನುವಾರಕ್ಕೆ ಮೊದಲು ಡಾಕ್ಟರಿಗೆ ತೋರಿಸಲೇಬೇಕೆಂದು ಹಟ ಹಿಡಿದೆ. ಭಾವ ಗೊಣಗಿದರು, ಅಕ್ಕ ನನ್ನ ಕಡೆ ನಿಂತಳು, ಮೂವರೂ ಹೋದೆವು.

ಡಾಕ್ಟರಮ್ಮ ಹಾವೇರಿ ಕಡೆಯವರು. ರಕ್ತದೊತ್ತಡ ನೋಡಿದರು, ಸಕ್ಕರೆ ನೋಡಿದರು, ಮಾತ್ರೆಯ ಹಾಳೆಯನ್ನು ತಿರುಗಿಸಿ ಓದಿದರು.

“ಇದರಿಂದ ಸ್ವಲ್ಪ ನಿದ್ದಿ ಬರ್ತದ್ರಿ. ಆದ್ರ ಇಷ್ಟಲ್ಲ. ಬ್ಯಾರೆ ಏನರ ಔಷಧ ತಗೋತೀರೇನು?”

“ಏನೂ ಇಲ್ಲ ಡಾಕ್ಟ್ರೆ,” ಎಂದರು ಭಾವ.

“ಏನೂ ಇಲ್ಲ” ಎಂಬುದನ್ನು ಹಾಗೆಯೇ ಬರೆದುಕೊಂಡು ಎದ್ದು ಬರಬೇಡ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಆದರೆ ನಾನು ಬಾಯಿ ಹಾಕುವ ಮೊದಲೇ ಅಕ್ಕ ಅಭಿಮಾನದಿಂದ ಸೇರಿಸಿದಳು: “ನಮ್ಮನೇಲಿ ಚಾ ಸಹ ಇಲ್ಲ. ಮೂರು ಹೊತ್ತೂ ಕಷಾಯ.”

“ಚಲೋ ಆತು. ಕಷಾಯಕ್ಕ ಏನೇನು ಹಾಕ್ತೀರಿ?”

“ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು…” ಅಕ್ಕನ ಬೆರಳುಗಳು ಮಡಚುತ್ತಾ ಬಂದು ನಿಂತವು. “ಮತ್ತೆ ಆ ಪುಡಿ.”

“ಯಾವ ಪುಡಿ?” ಎಂದದ್ದು ಡಾಕ್ಟರಲ್ಲ, ಭಾವ.

ಮೂಗು ಕಟ್ಟಿ ಅವರಿಗೆ ರಾತ್ರಿ ನಿದ್ದೆಯಿಲ್ಲವೆಂದು ಪೇಟೆಯಿಂದ ಒಂದು ಡಬ್ಬಿ ತಂದಿದ್ದಳು. ಜಟಾಮಾಂಸಿ, ತಗರ, ಅಶ್ವಗಂಧ ಸೇರಿದ ಗಿಡಮೂಲಿಕೆಯ ಪುಡಿ. ರಾತ್ರಿ ಹಾಲಿಗೆ ಒಂದು ಚಮಚ. ಭಾವ “ಆನೆಂತ ರೋಗಿಯನೆ?” ಎಂದು ಲೋಟ ತಳ್ಳಿದರು. ಸರಿ, ಕಷಾಯದ ಪುಡಿ ಮಾಡುವ ದಿನ ಇಡೀ ಡಬ್ಬಿಯನ್ನು ಅದಕ್ಕೇ ಸುರಿದು ಕಲೆಸಿಟ್ಟಳು. ರಾತ್ರಿಯ ಪುಡಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆಯ ಲೋಟಕ್ಕೂ ಇಳಿಯಿತು. ಮನೆಗೆ ಬಂದವರ ಲೋಟಕ್ಕೂ ಇಳಿಯಿತು. ಮುಚ್ಚಿಡಬೇಕೆಂದು ಮಾಡಿದ್ದಲ್ಲ. ಕಷಾಯಕ್ಕೆ ಏನು ಹಾಕಿದ್ದು ಎಂದು ನಮ್ಮ ಕಡೆ ಯಾರು ಯಾರನ್ನು ಕೇಳುತ್ತಾರೆ?

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಮಾತ್ರೀನೂ ಮಂಪರು ತರ್ತದ, ಪುಡೀನೂ ತರ್ತದ. ಒಂದೊಂದ ಇದ್ದಾಗ ತಡಕೊಂಡ್ರಿ. ಕೂಡಿದ ಮ್ಯಾಲೆ ಸ್ಟೇರಿಂಗ್ ಹಿಡಿಯೋ ಮನುಷ್ಯಾಗ ಅದು ಆಗಂಗಿಲ್ಲ. ಗಿಡದ್ದು ಅಂದ್ರ ಏನೂ ಮಾಡಂಗಿಲ್ಲ ಅಂತ ತಿಳೀಬ್ಯಾಡ್ರಿ. ಏನೂ ಮಾಡಂಗಿಲ್ಲ ಅಂದ್ರ ನೀವ್ಯಾಕ ಕುಡಿಸ್ತಿದ್ರಿ?” ಜ್ಯೇಷ್ಠಮಧುವಿನ ಮಾತನ್ನೂ ಅವರೇ ಹೇಳಿದರು. ಗಂಟಲಿಗೆ ಒಳ್ಳೆಯದೆಂದು ದಿನವೂ ಹೆಚ್ಚು ತಿಂದರೆ ರಕ್ತದೊತ್ತಡ ಏರಬಹುದು. ಕಟ್ಟಿದ ಮೂಗು ಬಿಡಿಸುವ ಕೆಲವು ಮಾತ್ರೆಗಳೂ ಅದನ್ನೇ ಮಾಡಬಹುದು. ಎರಡನ್ನೂ ತೆಗೆದುಕೊಳ್ಳುವವರು ಬಂದು ಹೇಳುವುದು ಮಾತ್ರೆಯ ಹೆಸರನ್ನು ಮಾತ್ರ.

ಪುಡಿ ನಿಲ್ಲಿಸಿ, ಮಾತ್ರೆ ಬದಲಿಸಿ, ಮಂಪರು ಪೂರ್ತಿ ಇಳಿಯುವವರೆಗೆ ಕಾರು ಮುಟ್ಟಬೇಡಿ ಎಂದು ಕಳುಹಿಸಿದರು. ಹೊರಗೆ ಬಂದ ಮೇಲೆ ಅಕ್ಕ ಮೆಟ್ಟಿಲ ಮೇಲೇ ಕುಳಿತುಬಿಟ್ಟಳು.

“ಆನು ಇವ್ಕೆ ವಿಷ ಹಾಕಿದ ಹಂಗಾತಲ ತಮಾ. ಆ ಅಜ್ಜಿಗೆ ಏನಾದ್ರೂ ಆಗಿದ್ರೆ?”

ಏನಾದರೂ ಆಗಬಹುದಿತ್ತು. ಭಾವನ ಮುಖ ಮಾತ್ರ ಬಹಳ ದಿನದ ಮೇಲೆ ಬಿಚ್ಚಿಕೊಂಡಿತ್ತು. “ಏಳು ಮಾರಾಯ್ತಿ. ವಯಸ್ಸಾತು ಹೇಳಿ ಅಳ್ತಾ ಇದ್ದಿದ್ದೆ. ವಯಸ್ಸಲ್ಲ, ನಿನ್ನ ಪುಡಿ ಹೇಳಿ ಗೊತ್ತಾತು.” ಅಕ್ಕ ಅಳುತ್ತಲೇ ನಕ್ಕಳು. ಮನೆಗೆ ಹೋದವಳೇ ಇಡೀ ಡಬ್ಬದ ಪುಡಿಯನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಸುರಿದಳು. ಭಾವ ಕಿಟಕಿಯಿಂದ ಕೂಗಿದರು: “ನೋಡ್ಕ್ಯಳೆ, ಮರ ಮಲಗಿಬಿಟ್ರೆ ಕಷ್ಟ.”

ಭಾನುವಾರ ಬಂದವರಿಗೆ ಕಾರು ಕೊಡಲಿಲ್ಲ. ಬಂಪರು ತೋರಿಸಿ ಕಳುಹಿಸಿದರಂತೆ. ಮಂಪರು ಇಳಿಯಿತೆಂದು ಖಚಿತವಾದ ಮೇಲೆ ಅವರ ಮೊದಲ ಬಾಡಿಗೆ ಅದೇ ಅಜ್ಜಿಯದು. ನಡೆದದ್ದನ್ನೆಲ್ಲ ಮೊದಲೇ ಹೇಳಿ, ಬರುತ್ತೀರಾ ಎಂದು ಕೇಳಿಯೇ ಕರೆದೊಯ್ದರು.

ಕಷಾಯದ ಮೇಲೆ ನನಗೆ ಸಿಟ್ಟಿಲ್ಲ, ಮಾತ್ರೆಯ ಮೇಲೂ ಇಲ್ಲ. ಎರಡರಿಂದಲೂ ಉಪಕಾರ ಪಡೆದವನು. ನನಗೆ ಸಿಟ್ಟು ಬರುವುದು ಆ “ಏನೂ ಇಲ್ಲ” ಎಂಬ ಉತ್ತರದ ಮೇಲೆ. ಅಂದಿನಿಂದ ನಾನು ಮಾತ್ರೆ ನುಂಗಿದ ದಿನ ಯಾರ ಮನೆಯಲ್ಲೇ ಆಗಲಿ ಕೇಳಿಯೇ ಕುಡಿಯುತ್ತೇನೆ. ಅನುಮಾನದ ಮನುಷ್ಯ ಎಂದು ಒಂದೆರಡು ಮನೆಗಳಲ್ಲಿ ಹೆಸರಾಗಿದೆ. ಇರಲಿ.

ದೊಡ್ಮನೆಯ ಜಗಲಿಯಲ್ಲೂ ಕೇಳಿದೆ: “ಅಮ್ಮಾ, ಇದ್ಕೆ ಎಂತೆಂತ ಹಾಕಿದ್ದಿ?”

ಅವರು ನಕ್ಕರು. “ಎಂತ, ಇದ್ನೂ ಪೇಪರಿಗೆ ಹಾಕ್ತ್ರ? ಕೊತ್ತಂಬರಿ, ಜೀರಿಗೆ, ಮೆಂತೆ, ಚೂರು ಕಾಳುಮೆಣಸು. ಮತ್ತೆಂತೂ ಇಲ್ಲೆ.”

“ಮತ್ತೆಂತೂ?”

“ಇಲ್ಲೆ ಹೇಳ್ದೆನಲ.”

ಯಾಕೆ ಕೇಳಿದೆ ಎಂಬುದನ್ನು ಎರಡು ಮಾತಿನಲ್ಲಿ ಹೇಳಿದೆ. ಒಳಕೋಣೆಯಲ್ಲಿ ಮತ್ತೊಂದು ಸೀನು ಕೇಳಿಸಿತು. ಅವರ ನಗು ನಿಂತಿತು. ಬಾಗಿಲ ಕಡೆ ತಿರುಗಿ ಕೂಗಿದರು:

“ಹೋಯ್, ಶೀತದ ಮಾತ್ರೆ ಕೊಡುವಾಗ ನಿದ್ದೆಯ ಲೇಹ್ಯದ ಸುದ್ದಿ ಡಾಕ್ಟ್ರಿಗೆ ಹೇಳಿದ್ರಾ?”

“ಲೇಹ್ಯ ಎಂತ ಔಷಧಿಯನೆ?” ಒಳಗಿನಿಂದ ಉತ್ತರ ಬಂತು.

ಆಕೆ ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದರು. ಗೂಟಕ್ಕೆ ನೇತುಹಾಕಿದ್ದ ಯಜಮಾನರ ಸ್ಕೂಟರಿನ ಕೀಲಿಯನ್ನು ಹೋಗುವಾಗಲೇ ಕೈಗೆ ತೆಗೆದುಕೊಂಡರು. ಡಾಕ್ಟರಿಗೆ ಫೋನು ಹಚ್ಚುವ ಸದ್ದು ಕೇಳಿಸಿದ ಮೇಲೆ ನಾನು ಲೋಟ ಎತ್ತಿಕೊಂಡೆ. ಕಷಾಯ ಸರಿಯಾದ ಹದಕ್ಕೆ ಆರಿತ್ತು.