ಅವ್ವನಿಗೆ ತೆರೆಯದ ಗೇಟು

ಆ ವಿಡಿಯೋ ಗೇಮ್ ನಮ್ಮ ಮನೆಗೆ ಬಂದದ್ದು ಹುಬ್ಬಳ್ಳಿಯ ನಾದಿನಿಯಿಂದ. ಅವಳ ಮಕ್ಕಳು ದೊಡ್ಡವರಾಗಿ ಅದನ್ನು ಕೈಬಿಟ್ಟಿದ್ದರು. "ನಿನ್ನ ಮಗಳು ಆಡ್ಲಿ, ಒಯ್ಯಿ" ಅಂತ ಡಬ್ಬಿ ಸಮೇತ ಕೊಟ್ಟಳು. ಟಿವಿಯ ಕೆಳಗೆ ಉದ್ದನೆಯ ಕ್ಯಾಮೆರಾ ಒಂದನ್ನು ಇಡಬೇಕು. ಕೈಯಲ್ಲಿ ಏನೂ ಹಿಡಿಯುವುದು ಬೇಡ. ನೀವು ಕೈ ಎತ್ತಿದರೆ ಪರದೆಯೊಳಗಿನ ಗೊಂಬೆಯೂ ಕೈ ಎತ್ತುತ್ತದೆ, ನೀವು ಜಿಗಿದರೆ ಅದೂ ಜಿಗಿಯುತ್ತದೆ. ಆಟ ನಡೆಯುವುದು ದೊಡ್ಡದೊಂದು ಥೀಮ್ ಪಾರ್ಕಿನಲ್ಲಿ. ಅಲ್ಲಿ ದೋಣಿ ಇದೆ, ಗಿರಗಿರ ತಿರುಗುವ ಬಟ್ಟಲಿದೆ, ಗುಡ್ಡದಿಂದ ಧುಮುಕುವ ರೈಲಿದೆ. ಒಳಗೆ ಹೋಗಬೇಕೆಂದರೆ ಮೊದಲು ಗೇಟಿನ ಮುಂದೆ ನಿಂತು ಕೈ ಬೀಸಬೇಕು.

ಹಾನಗಲ್ಲಿನ ನಮ್ಮ ಬಾಡಿಗೆ ಮನೆಯ ಪಡಸಾಲೆ ಸಣ್ಣದು. ಮೇಜು ಹೊರಗಿಟ್ಟು ಜಾಗ ಮಾಡಿದೆವು. ಐದನೇತ್ತೆ ಓದುವ ಮಗಳು ಆಡುವುದನ್ನು ಅವ್ವ ಬಾಗಿಲ ಹತ್ತಿರ ಕೂತು, ಕಾಳು ಸುಲಿಯುತ್ತ ನೋಡುತ್ತಿದ್ದಳು. ಅವ್ವ ಮಾಸೂರಿನಲ್ಲಿ ಇದ್ದವಳು. ಅಪ್ಪ ಬೇಗ ತೀರಿಕೊಂಡ. ಅವಳು ಕಂಡವರ ಗದ್ದೆಯಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು ನನ್ನನ್ನು ಓದಿಸಿದಳು. ನಾನು ಶಾಲೆಯ ಟೀಚರಾಗಿ ಇಲ್ಲಿಗೆ ಬಂದಾಗ ಅವಳನ್ನೂ ಕರಕೊಂಡು ಬಂದೆ. ಅವಳ ಬೆನ್ನು ಸೊಂಟದಿಂದಲೇ ಮುಂದಕ್ಕೆ ಬಾಗಿದೆ. ನಮ್ಮ ಮುಖ ನೋಡಬೇಕಾದರೆ ಕುತ್ತಿಗೆ ಎತ್ತಬೇಕು.

ಒಂದು ಭಾನುವಾರ ಮಗಳು ಆಡಿ ಸುಸ್ತಾಗಿ ಕೂತಾಗ ಅವ್ವ ಎದ್ದು ಬಂದಳು.

"ನಾನೂ ಒಮ್ಮೆ ಆ ದೋಣ್ಯಾಗ ಕುಂದರ್ತೇನಿ."

ಗೇಟು ಬಂತು. ಅವ್ವ ಕೈ ಬೀಸಿದಳು. ಗೇಟು ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು.

"ನೆಟ್ಟಗ ನಿಂದ್ರು ಅನ್ನಾಕತ್ತದ, ಅಜ್ಜಿ," ಎಂದು ಮಗಳು ಓದಿ ಹೇಳಿದಳು.

"ನೆಟ್ಟಗ ನಿಂತೇನಲ್ಲ."

ನಾವು ಲೈಟು ಹಾಕಿದೆವು, ಕಿಟಕಿಯ ಪರದೆ ಸರಿಸಿದೆವು. ಕ್ಯಾಮೆರಾ ಇಳಿಸಿ ನೆಲದ ಮೇಲಿಟ್ಟೆವು, ಮತ್ತೆ ಪುಸ್ತಕಗಳ ಮೇಲೆ ಏರಿಸಿದೆವು. ಅದೇ ಸಾಲು ಬರುತ್ತಿತ್ತು. ಅಷ್ಟರಲ್ಲಿ ಗೋಡೆಯ ಮೊಳೆಗೆ ನೇತುಹಾಕಿದ್ದ ನನ್ನ ಗಂಡನ ರೇನ್‌ಕೋಟನ್ನು ಕ್ಯಾಮೆರಾ ಮನುಷ್ಯ ಅಂದುಕೊಂಡು, ಪರದೆಯ ಮೇಲೆ ಒಂದು ಗೊಂಬೆಯನ್ನು ನಿಲ್ಲಿಸಿಬಿಟ್ಟಿತು.

"ಆ ಕೋಟು ಮನಷ್ಯಾರಂಗ ಕಾಣ್ತದ, ನಾ ಕಾಣೂದಿಲ್ಲೇನು ಅದಕ್ಕ?" ಅಂತ ಅವ್ವ ನಕ್ಕಳು. ಮಗಳೂ ನಕ್ಕಳು. ನನಗೆ ನಗು ಬರಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಮನೆಗೆ ಬಂದೆ. ಟಿವಿ ಆರಿತ್ತು. ಅವ್ವ ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಅವಳ ಸೊಂಟವಷ್ಟೇ ಗೋಡೆಗೆ ತಾಗಿತ್ತು. ಪಕ್ಕದ ಕಿಟಕಿಯ ಸರಳನ್ನು ಹಿಡಿದು ಹೆಗಲನ್ನು ಹಿಂದಕ್ಕೆ ಜಗ್ಗುತ್ತಿದ್ದಳು. ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

"ಏನ್ ಮಾಡಾಕತ್ತೀಬೇ?"

"ನೆಟ್ಟಗ ಆಗಾಕತ್ತೇನಿ. ನಾಕು ದಿನಾ ಆತು. ಸ್ವಲ್ಪ ಬಂದದ ಅನಸ್ತದ, ನೋಡು."

ಏನೂ ಬಂದಿರಲಿಲ್ಲ. ಆದರೆ ಕುತ್ತಿಗೆ ಎತ್ತಿ ನನ್ನನ್ನೇ ನೋಡುತ್ತಿದ್ದ ಅವಳಿಗೆ ಹಾಗೆ ಹೇಗೆ ಹೇಳಲಿ? "ಹೌದಬೇ, ಬಂದದ" ಅಂದೆ. ಅದೇ ನಾನು ಮಾಡಿದ ತಪ್ಪು. ಮರುದಿನ ನಾನು ಸಂತೆಗೆ ಹೋದಾಗ ಅವಳು ಇನ್ನೂ ಜೋರಾಗಿ ಜಗ್ಗಿದಳಂತೆ. ಸೋಮವಾರ ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಮಗ್ಗಲು ಬದಲಿಸಬೇಕೆಂದರೂ ಚೀರುತ್ತಿದ್ದಳು.

ಹಾವೇರಿಯ ಎಲುಬಿನ ಡಾಕ್ಟರು ಎಕ್ಸರೇ ಹಾಳೆಯನ್ನು ಬೆಳಕಿಗೆ ಹಿಡಿದು ನನ್ನನ್ನು ಕೇಳಿದರು, "ಎಷ್ಟ ವರ್ಷ ಆತ್ರಿ ಹಿಂಗಾಗಿ?"

ನಾನು ನೆನಪು ಮಾಡಿಕೊಂಡೆ. ಬಾಗಿದ ಅವ್ವ ನೆನಪಾದಳೇ ಹೊರತು, ಬಾಗದ ಅವ್ವ ನೆನಪಾಗಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಕೌದಿಯೊಳಗೆ ಬೆಳೆದವಳು ನಾನು.

"ಇಕಿ ಏಳನೇತ್ತೆ ಇದ್ದಾಗ ಸುರು ಆತ್ರಿ," ಎಂದು ಅವ್ವನೇ ಉತ್ತರ ಕೊಟ್ಟಳು.

"ಎಲುಬು ಹಿಂಗ ಕೂಡಿಬಿಟ್ಟಾವ," ಡಾಕ್ಟರು ಹೇಳಿದರು. "ಇನ್ನ ನೆಟ್ಟಗ ಆಗೂದಿಲ್ರಿ. ಜಗ್ಗಬ್ಯಾಡ್ರಿ, ಮುರದಗಿರದಾವು." ನೋವಿಗೆ ಗುಳಿಗೆ ಬರೆದುಕೊಟ್ಟರು. ಬೇರೆ ಏನಾದರೂ ಮಾಡಬಹುದೇ ಅಂತ ನಾನು ಎರಡು ಸಲ ಕೇಳಿದೆ. ಅವರು ಎರಡನೇ ಸಲ ಬರೀ ತಲೆ ಅಲ್ಲಾಡಿಸಿದರು.

ಬಸ್ಸಿನಲ್ಲಿ ಅವ್ವ ಕೇಳಿದಳು, "ಮುದಕಿ ಅದಾಳ, ಒಳಗ ಬಿಡು ಅಂತ ಅದಕ್ಕ ಹೇಳಾಕ ಬರೂದಿಲ್ಲೇನು?"

"ಬರೂದಿಲ್ಲಬೇ."

ನೋವು ಇಳಿಯಲು ತಿಂಗಳು ಹಿಡಿಯಿತು. ನಾನು ಆಟದ ಡಬ್ಬಿಯನ್ನು ಅಟ್ಟದ ಮೇಲೆ ಹಾಕಿದ್ದೆ. ದೀಪಾವಳಿ ಸೂಟಿಯಲ್ಲಿ ಮಗಳು ಅದನ್ನು ಇಳಿಸಿ, ಅವ್ವನನ್ನು ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂಡಿಸಿದಳು. ಕ್ಯಾಮೆರಾ ಕುರ್ಚಿಯ ಬೆನ್ನನ್ನೇ ಅವ್ವನ ಬೆನ್ನು ಅಂದುಕೊಂಡಿರಬೇಕು. ಅವ್ವ ಕೈ ಬೀಸಿದಳು, ಗೇಟು ತೆರೆಯಿತು. ಒಳಗೆ ಕೆಂಪಂಗಿಯ ಹುಡುಗಿಯೊಬ್ಬಳು ಉದ್ದಕ್ಕೆ, ನೆಟ್ಟಗೆ ನಿಂತಿದ್ದಳು.

"ಅಕಿ ಯಾರ?"

"ನೀನ, ಅಜ್ಜಿ."

ಅವ್ವ ನೋಡಿದಳು. ಆಮೇಲೆ ನನ್ನತ್ತ ತಿರುಗಿ, "ಇಷ್ಟ ಎತ್ತರ ಇದ್ದೆ ನಾ, ಖರೇನ," ಅಂದಳು. ಹೂಂ ಅಂದೆ. ನನಗೆ ಗೊತ್ತಿರಲಿಲ್ಲ.

ದೋಣಿ ಹೊರಟಿತು. ಬಂಡೆ ಬಂದಾಗ ಜಿಗಿಯಬೇಕು. ಅವ್ವ ಕುರ್ಚಿಯ ಕೈಗಳನ್ನು ಒತ್ತಿ ಏಳಲು ನೋಡಿದಳು, ಆಗಲಿಲ್ಲ. ದೋಣಿ ಬಂಡೆಗೆ ಬಡಿಯಿತು, ಮುಂದಿನದಕ್ಕೂ ಬಡಿಯಿತು. ಮಗಳು ಕುರ್ಚಿಯ ಪಕ್ಕಕ್ಕೆ ಬಂದು "ನಾ ಜಿಗೀತೇನಿ ಅಜ್ಜಿ, ನಿನ್ನ ಪರವಾಗಿ" ಅಂತ ಪ್ರತಿ ಬಂಡೆಗೂ ಜಿಗಿದಳು. ಆಟ ನೋಡುತ್ತಿದ್ದದ್ದು ಅವ್ವನನ್ನಷ್ಟೇ, ಮಗಳ ಜಿಗಿತ ಲೆಕ್ಕಕ್ಕೆ ಬರಲಿಲ್ಲ. ಕೆಂಪಂಗಿಯವಳು ಹಾಗೇ ನಿಂತು ಬಡಿಸಿಕೊಳ್ಳುತ್ತಿದ್ದಳು, ಮತ್ತು ಮಗಳು ಏದುಸಿರು ಹತ್ತಿದರೂ ನಿಲ್ಲಿಸದೆ ಜಿಗಿಯುತ್ತಲೇ ಇದ್ದಳು.