ಬಿಳಿ ಪಂಚೆ ಒಪ್ಪುವವರೆಗೆ

ಬೆಳಗಿನ ಆರೂಕಾಲು. ಕೊಡ್ಲಿಪೇಟೆಯ ಮುಖ್ಯರಸ್ತೆಯಿಂದ ಒಳಕ್ಕೆ ತಿರುಗಿದರೆ ಸಿಗುವ ತಗಡಿನ ಶೆಡ್ಡಿನಲ್ಲಿ ರೇಣುಕಪ್ರಸಾದ್ ಒಂದು ಬಿಳಿ ಪಂಚೆಯನ್ನು ನೆಲಕ್ಕೆ ಹಾಸುತ್ತಿದ್ದಾರೆ. ಪೂಜೆಗೆ ಹಾಸುವಷ್ಟೇ ಜೋಪಾನ. ಊರುಗೋಲನ್ನು ಗೋಡೆಗೆ ಒರಗಿಸಿ, ಎತ್ತಿ ನಿಲ್ಲಿಸಿದ ಬೂದು ಬಣ್ಣದ ಹಳೆಯ ಕಾರಿನಡಿಗೆ ಅಂಗಾತ ಸರಿಯುತ್ತಾರೆ. "ಸ್ವಲ್ಪ ಆಚೆ ನಿಂತ್ಕಳಿ ಸರ್, ಶರ್ಟು ಹಾಳಾಯ್ತದೆ" ಎಂದು ಕಾರಿನಡಿಯಿಂದ ಎಚ್ಚರಿಕೆ ಬರುತ್ತದೆ. ಅವರ ಕೆಲಸ ನೋಡಲೆಂದೇ ಬಂದಿರುವ ನಾನು ಮಾತು ಕೇಳುವುದಿಲ್ಲ. ಶರ್ಟು ಹಾಳಾಗುತ್ತದೆ.

ಕ್ಲಚ್ ಇಲ್ಲದ, ತನ್ನಷ್ಟಕ್ಕೇ ಗೇರು ಬದಲಿಸಿಕೊಳ್ಳುವ ಆಟೋಮ್ಯಾಟಿಕ್ ಕಾರುಗಳು ಈಗ ಇಲ್ಲಿನ ಎಸ್ಟೇಟುಗಳಲ್ಲೂ ಕಾಣುತ್ತವೆ. ಅವುಗಳ ಗೇರ್‌ಬಾಕ್ಸಿನ ಬಿಸಿ ಆಯಿಲ್ ಎರಡು ಸಣ್ಣ ಪೈಪುಗಳಲ್ಲಿ ಮುಂದಿನ ಕೂಲರಿಗೆ ಹೋಗಿ, ತಣ್ಣಗಾಗಿ ಮರಳುತ್ತದೆ. ಗೇರ್‌ಬಾಕ್ಸ್ ಕೆಟ್ಟರೆ ಕಬ್ಬಿಣದ ಚೂರು, ಸುಟ್ಟ ಕರಿ ಪುಡಿ ಎಲ್ಲ ಆಯಿಲ್ ಜೊತೆ ಹೋಗಿ ಆ ಕೂಲರಿನೊಳಗೆ ಕೂತುಬಿಡುತ್ತವೆ. ಅದನ್ನು ತೊಳೆಯದೆ ರಿಪೇರಿಯಾದ ಗೇರ್‌ಬಾಕ್ಸ್ ಜೋಡಿಸಿದರೆ ಹಳೇ ಕಸ ಹೊಸದರ ಹೊಟ್ಟೆ ಸೇರುತ್ತದೆ. ಗೇರ್‌ಬಾಕ್ಸ್ ರಿಪೇರಿ ಮಾಡುವ ರೇಣುಕಪ್ರಸಾದರ ಕೊನೆಯ ಕೆಲಸ ಆ ಕಸ ತೊಳೆಯುವುದು. ಪೈಪು ಬಿಚ್ಚಿ, ತೊಳೆಯುವ ಆಯಿಲನ್ನು ಉಲ್ಟಾ ದಿಕ್ಕಿನಿಂದ ನುಗ್ಗಿಸಿ, ಆಮೇಲೆ ಗಾಳಿ ಹೊಡೆಯುತ್ತಾರೆ.

"ಬಂದ ದಾರೀಲೇ ವಾಪಸ್ ಕಳಿಸ್ಬೇಕು ಸರ್. ಮುಂದಕ್ಕೆ ತಳ್ಳಿದ್ರೆ ಇನ್ನೂ ಒಳಿಕ್ಕೋಗಿ ಕಚ್ಕಂತದೆ."

ಹೊರಬಂದದ್ದು ಪಂಚೆಯ ಮೇಲೆ ಬೀಳಬೇಕು. ಈ ಪಂಚೆಗೂ ಒಂದು ಕತೆಯಿದೆ. ಮೊದಲ ವರ್ಷ ಗುರುವಪ್ಪ ಎಂಬ ಗಿರಾಕಿಯ ಕಾರನ್ನು ಎರಡೇ ಸಲ ತೊಳೆದು, ಸಾಕು ಅಂದುಕೊಂಡು ಕೊಟ್ಟುಬಿಟ್ಟಿದ್ದರು. ನಲವತ್ತೇ ದಿನಕ್ಕೆ ಗೇರ್‌ಬಾಕ್ಸ್ ಮತ್ತೆ ಕೈಕೊಟ್ಟಿತು. "ಅವ್ರು ಬೈಲಿಲ್ಲ ಸರ್. ಬೈದಿದ್ರೆ ಮರ್ತೋಗ್ತಿತ್ತು" ಅನ್ನುತ್ತಾರೆ. ಅಂದಿನಿಂದ ಬಟ್ಟೆಯ ಮೇಲೆ ಕಲೆಯಾಗಲಿ ಚೂರಿನ ಹೊಳಪಾಗಲಿ ಕಾಣದಂತಾಗುವವರೆಗೆ ಬಿಡುವುದಿಲ್ಲ. ತಿಂಗಳಿಗೆ ನಾಲ್ಕೈದು ಕಾರು, ಒಂದೊಂದಕ್ಕೆ ಕಡಿಮೆಯೆಂದರೂ ಆರು ತೊಳೆತ.

ಐವತ್ತೊಂದರ ಈ ಮನುಷ್ಯ ಮೊದಲು ಎಸ್ಟೇಟಿನ ಜೀಪು ಓಡಿಸುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ಜಾಕು ಜಾರಿ ಎಡಗಾಲು ಮಂಡಿಯ ಕೆಳಗೆ ಹೋಯಿತು. "ಬೇರೆ ಏನಾದ್ರೂ ಹೋಗ್ಬಾರ್ದಿತ್ತಾ? ಇಲ್ಲ, ಕ್ಲಚ್ ತುಳಿಯೋ ಕಾಲೇ ಹೋಗ್ಬೇಕಾ!" ಎಂದು ತಾವೇ ನಗುತ್ತಾರೆ. ಅಲ್ಲಿಂದೀಚೆಗೆ ಎಲ್ಲಿಗೆ ಹೋದರೂ ಹೆಂಡತಿ ವಿನುತಾರ ಸ್ಕೂಟರಿನ ಹಿಂದಿನ ಸೀಟು. ನೆಲದ ಮೇಲೆ ಕೂತು ಮಾಡುವ ಕೆಲಸವೆಂದು ಗೇರ್‌ಬಾಕ್ಸ್ ರಿಪೇರಿ ಕಲಿತರು. ಆಮೇಲೆ ಬಂದವು ನೋಡಿ ಈ ಆಟೋಮ್ಯಾಟಿಕ್ ಕಾರುಗಳು, ಬಲಗಾಲೊಂದಿದ್ದರೆ ಸಾಕು ಎನ್ನುವಂಥವು! ಅವುಗಳಿಗೆಂದೇ ಲೈಸೆನ್ಸ್ ಮಾಡಿಸಿಕೊಂಡರು.

ರಿಪೇರಿಯಾದ ಕಾರನ್ನು ಪಕ್ಕದೂರು ಶನಿವಾರಸಂತೆಯ ರಸ್ತೆಯಲ್ಲಿ ಆರು ಕಿಲೋಮೀಟರ್ ಓಡಿಸಿ ನೋಡುತ್ತಾರೆ. ಹಾಲಿನ ಡೈರಿ ಬಂದ ಕೂಡಲೇ ತಿರುಗಿಸಲೇಬೇಕು. "ಗಿರಾಕಿ ಗಾಡಿ ಅಲ್ವಾ, ಮುಂದಕ್ಕೋಗಂಗಿಲ್ಲ. ಡೈರಿ ತಾವ ನಿಂತು ರಸ್ತೆ ನೋಡ್ತೀನಿ. ಹೊಟ್ಟೆ ಉರೀತದೆ ಸರ್, ಸುಳ್ಳು ಯಾಕೆ ಹೇಳ್ಲಿ?"

ಇವತ್ತಿನ ಬೂದು ಕಾರು ಮಾತ್ರ ಗಿರಾಕಿಯದಲ್ಲ, ಅವರದೇ. ಯಾವುದೋ ಎಸ್ಟೇಟಿನಲ್ಲಿ ಎರಡು ಮಳೆಗಾಲ ಟಾರ್ಪಾಲಿನಡಿ ಸತ್ತು ಮಲಗಿದ್ದನ್ನು ಗುಜರಿ ಬೆಲೆಗೆ ಕೊಂಡು ತಂದು, ಬಿಡುವಾದಾಗಲೆಲ್ಲ ಕೂತು ಹನ್ನೊಂದು ತಿಂಗಳಲ್ಲಿ ಗೇರ್‌ಬಾಕ್ಸ್ ಸರಿಮಾಡಿದ್ದಾರೆ. ಉಳಿದಿರುವುದು ಈ ತೊಳೆತವೊಂದೇ. ಪಂಚೆ ಒಪ್ಪಿದರೆ ಪೈಪು ಜೋಡಿಸಿ, ಆಯಿಲ್ ತುಂಬಿ ಇವತ್ತೇ ಗಂಡ ಹೆಂಡತಿ ಜಿಲ್ಲೆಯ ಇನ್ನೊಂದು ತುದಿಯ ತಿತಿಮತಿಗೆ, ವಿನುತಾರ ಅಕ್ಕನ ಮನೆಗೆ ಹೊರಡುವುದು. ವಿನುತಾ ಆಗಲೇ ಹಸಿರು ಸೀರೆಯುಟ್ಟು, ಬುತ್ತಿ ಹಿಡಿದು ಶೆಡ್ಡಿನ ಬಾಗಿಲಲ್ಲಿದ್ದಾರೆ. "ಅಕ್ಕ ಎರಡು ಸಲ ಫೋನ್ ಮಾಡಿದ್ಲು. ಹೊರಟ್ರಾ ಅಂತ!"

ಮೊದಲ ತೊಳೆತ ಕಪ್ಪಗೆ ಬರುತ್ತದೆ. ಐದನೆಯದು ಚಹಾದ ಬಣ್ಣ. ಎಂಟನೆಯದು ತಿಳಿ! ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ. ರೇಣುಕಪ್ರಸಾದ್ ಪಂಚೆಯನ್ನು ಬಾಗಿಲ ಬೆಳಕಿಗೆ ಹಿಡಿದು ಓರೆ ಮಾಡುತ್ತಾರೆ. ಸಾಸಿವೆಗಿಂತ ಸಣ್ಣದೊಂದು ಚೂರು ಮಿನುಗುತ್ತದೆ. ಮತ್ತೆ ತೊಳೆಯುತ್ತಾರೆ. ಒಂಬತ್ತು, ಹತ್ತು, ಹನ್ನೊಂದು. ಪ್ರತಿ ಸಲವೂ ಒಂದೋ ಎರಡೋ ಚೂರು ಬರುತ್ತಲೇ ಇದೆ.

"ಒಂದು ಚೂರು ತಾನೆ, ನಡೆಯುತ್ತೆ ಬಿಡಿ" ಎಂದೆ. ಅನ್ನಬಾರದಿತ್ತು.

"ಗುರುವಪ್ಪನವ್ರ ಗಾಡೀಲೂ ಹಿಂಗೇ ಅಂದ್ಕಂಡಿದ್ದೆ ಸರ್. ಕೂಲರ್ ಒಳ್ಗೆ ಎಲ್ಲೋ ಕಚ್ಕಂಡು ಕೂತದೆ. ಬೇರೆ ಕೂಲರೇ ಹಾಕ್ಬೇಕು. ಮೈಸೂರಿಂದ ಬರ್ಬೇಕಂದ್ರೆ ಹದಿನೈದು ದಿನ."

ಪಂಚೆಯನ್ನು ಮಡಚಿಡುತ್ತಾರೆ. ನನಗೆ ಅವರ ಮುಖ ನೋಡಲಾಗುವುದಿಲ್ಲ. ವಿನುತಾ ಬುತ್ತಿ ಬಿಚ್ಚುತ್ತಾರೆ. "ಗಿರಾಕಿಗಳಿಗೆ ಹೇಳೋ 'ಹದಿನೈದು ದಿನ' ಕೊನೆಗೆ ನಂಗೂ ಹೇಳಿದ್ರಲ್ಲ! ಬನ್ನಿ, ತಿಂದ್ಕಂಡು ಅಂಗಡೀಲಿ ಕೂಲರ್‌ಗೆ ಹೇಳಿ ಬರಣ. ಸ್ಕೂಟರ್ ಅದೆಯಲ್ಲ." ಹಳೇ ಟೈರುಗಳ ಮೇಲೆ ಕೂತು ಮೂವರೂ ಅಕ್ಕಿರೊಟ್ಟಿ ತಿನ್ನುತ್ತೇವೆ.

ವಿನುತಾ ಸ್ಕೂಟರ್ ತರಲು ಹೋದಾಗ, ತಿತಿಮತಿಯಲ್ಲಿ ಅಂಥದ್ದೇನಿದೆ ಎಂದು ಕೇಳುತ್ತೇನೆ.

"ತಿತಿಮತೀಲಿ ಏನೂ ಇಲ್ಲ ಸರ್. ದೂರ ಅದೆ, ಅಷ್ಟೇ. ಮುಂಚೆ ಎಸ್ಟೇಟ್ ಜೀಪಲ್ಲಿ ವಿನುತಾ ಶನಿವಾರಸಂತೆ ದಾಟೋದ್ರೊಳ್ಗೆ ನನ್ ಭುಜಕ್ಕೆ ತಲೆ ಕೊಟ್ಟು ನಿದ್ದೆ ಹೊಡೆಯೋಳು. ಈಗ ಹದಿನೆಂಟು ವರ್ಷದಿಂದ ನನ್ನ ಹಿಂದೆ ಕೂರಿಸ್ಕಂಡು ಎಚ್ಚರವಾಗೇ ಅವ್ಳೆ. ಒಂದೇ ಒಂದ್ಸಲ ನಾನು ಓಡಿಸ್ಬೇಕು, ಅವ್ಳು ಪಕ್ಕದಲ್ಲಿ ಕೂತು ನಿದ್ದೆ ಮಾಡ್ಬೇಕು. ದಾರೀಲಿ ಗಾಡಿ ನಿಂತು ಅವ್ಳಿಗೆ ಎಚ್ಚರ ಆಗ್ಬಾರ್ದು ಸರ್, ಅದಕ್ಕೇ ಇಷ್ಟೆಲ್ಲ ತೊಳೆಯೋದು."