ಒಣಗಿದ ಮೇಲಿನ ಬಣ್ಣ

"ಕಾಫಿ ಕುಡಿಯೋದ್ರೊಳಗೆ ನಮ್ ಹುಡ್ಗಿ ಕಪ್ಪಾಗ್ಬುಟ್ಲಲ್ಲ ಮೇಷ್ಟ್ರೇ?"

ಗೌಡಗೆರೆಯ ರಂಗಪ್ಪ ಹೀಗೆ ಕೇಳಿದಾಗ ನನ್ನ ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ತಪ್ಪು ಹುಡುಗಿಯದಲ್ಲ, ಕಾಫಿಯದೂ ಅಲ್ಲ. ನನ್ನ ಬಣ್ಣದ್ದು.

ನಾನು ಶಿರಾದಲ್ಲಿ ಡ್ರಾಯಿಂಗ್ ಮೇಷ್ಟ್ರು. ಈ ಬೇಸಿಗೆಯಲ್ಲಿ ಬೊಂಬಾಯಿಯ ಗೆಳೆಯನೊಬ್ಬ ಒಂದು ಡಬ್ಬಿ ಅಕ್ರಿಲಿಕ್ ಬಣ್ಣದ ಟ್ಯೂಬು ತಂದುಕೊಟ್ಟ. ನೀರಲ್ಲಿ ಕಲಸಿ ಬಳಿದರಾಯಿತು, ನಮ್ಮ ಕಡೆಯ ಬಿಸಿಲಿಗೆ ನೋಡನೋಡುತ್ತಲೇ ಒಣಗುತ್ತದೆ. ಆಯಿಲ್ ಪೇಂಟಾದರೆ ವಾರಗಟ್ಟಲೆ ಕಾಯಬೇಕು. ಅಷ್ಟು ತಾಳ್ಮೆ ಯಾರಿಗಿದೆ? ನಿಡುಗಲ್ಲು ಬೆಟ್ಟಕ್ಕೆ ಇರಬಹುದು, ನನಗಿಲ್ಲ. ಅಂದಿನಿಂದ ಭಾನುವಾರ ಬಂತೆಂದರೆ ಬೋರ್ಡು, ಬ್ರಷ್ಷು ಹಿಡಿದು ಬಸ್ಸು ಹತ್ತುತ್ತೇನೆ. (ನನ್ನ ಹೆಂಡತಿ ಈ ಕಾಯಿಲೆಗೆ ಒಂದು ಹೆಸರಿಟ್ಟಿದ್ದಾಳೆ. ಅದು ಇಲ್ಲಿ ಬೇಡ.)

ಹೋದ ತಿಂಗಳು ಗೌಡಗೆರೆಯ ಕೆರೆ ಏರಿ ಮೇಲೆ ಕೂತು ಒಂದು ಲ್ಯಾಂಡ್‌ಸ್ಕೇಪ್ ಮುಗಿಸಿದ್ದೆ. ಹಿಂದೆ ನಿಂತು ನೋಡುತ್ತಿದ್ದ ರಂಗಪ್ಪ ಮನೆಗೆ ಕರೆದ. ಕಡಲೆಕಾಯಿ ಬೆಳೆಯುವ ಮನೆ, ಕೂತ ತಕ್ಷಣ ಮೊರದ ತುಂಬ ಕಡಲೆಕಾಯಿ ಬಂತು. ಮಗಳು ಸುಜಾತ ಚೊಂಬಲ್ಲಿ ನೀರು ತಂದಳು. ಅದನ್ನೇ ಚಿತ್ರದ ಮೇಲೆ ಸುರಿದು ಜಂಬ ಕೊಚ್ಚಿದೆ: "ನೋಡಮ್ಮ, ಒಣಗೋ ಮುಂಚೆ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ. ಒಣಗಿದ ಮೇಲೆ ಏನು ಮಾಡಿದ್ರೂ ಹೋಗಲ್ಲ." ಅವಳು ತಲೆಯಾಡಿಸಿದಳು.

ಆಗ ರಂಗಪ್ಪ ವಿಷಯಕ್ಕೆ ಬಂದ. "ಪಟ್ಟನಾಯಕನಹಳ್ಳಿ ಗಂಡಿನ ಕಡೆಯೋರು ಹುಡ್ಗಿ ಫೋಟೋ ಕೇಳವ್ರೆ. ಸ್ಟುಡಿಯೋದಾಗೆ ತೆಗ್ಸಿದ್ರೆ ಮಸಿ ಹಂಗೆ ಬಂದವ್ಳೆ. ಎಲ್ಡು ಸಂಬಂಧ ಅದ್ರಿಂದ್ಲೇ ತಪ್ಪೋಯ್ತು. ನೀವೇ ಒಂದು ಬರ್ಕೊಡಿ."

ಫೋಟೋ ಹೇಳಿದ ಮಾತು ಕೇಳುವುದಿಲ್ಲ, ಮೇಷ್ಟ್ರಾದರೆ ಕೇಳುತ್ತಾನೆ. ಅಷ್ಟೇ ಲೆಕ್ಕಾಚಾರ.

ಸುಜಾತ ಜಗಲಿಯ ಮೇಲೆ ಕೂತಳು. ಚೂರೂ ಅಲುಗದ ಹುಡುಗಿ. ಮುಖದ ಬಣ್ಣ ಇದ್ದುದು ಇದ್ದ ಹಾಗೆ ಬಿತ್ತು. ಅಕ್ಕಪಕ್ಕದವರೆಲ್ಲ ಭೇಷ್ ಅಂದರು. ನಾನು ಕಾಫಿ ಕೈಗೆತ್ತಿಕೊಂಡೆ. ಅಕ್ರಿಲಿಕ್ಕಿನ ಒಂದು ಚಾಳಿ ಹೇಳಲು ಮರೆತೆ: ಹಸಿಯಾಗಿದ್ದಾಗ ಒಂದು ಬಣ್ಣ, ಒಣಗಿದ ಮೇಲೆ ಒಂದು ಛಾಯೆ ಹೆಚ್ಚು ಕಪ್ಪು.

ಮನೆಯಲ್ಲಿ ಸೂತಕದ ಕಳೆ. ರಂಗಪ್ಪನ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. (ಇವರ ಮನೆದೇವರು ಕರಿಯಮ್ಮ. ಆ ತಾಯಿಯ ಬಣ್ಣದ ಬಗ್ಗೆ ಮಾತ್ರ ಯಾರ ತಕರಾರೂ ಇಲ್ಲ.) ಬಿಳಿ ಟ್ಯೂಬು ಹಿಂಡಿದೆ. ಮುಖದ ಮೇಲೆ ಎಳೆದೆ. ಹುಡುಗಿ ಮುಖಕ್ಕೆ ಹಚ್ಚುವ ಸ್ನೋ ಡಬ್ಬಿಯೊಳಗಿಂದ ಎದ್ದು ಬಂದಂತಾದಳು. ಎಲ್ಲರ ಮುಖವೂ ಅರಳಿತು.

ಬ್ರಷ್ಷು ತೊಳೆಯಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಸುಜಾತ ಒದ್ದೆ ಬಟ್ಟೆಯಿಂದ ಚಿತ್ರ ಒರೆಸುತ್ತಿದ್ದಳು. ಹಸಿ ಬಿಳಿಯೆಲ್ಲ ಬಟ್ಟೆಗೆ ಬಂತು. ಕೆಳಗೆ ಒಣಗಿ ಗಟ್ಟಿಯಾಗಿದ್ದ ಮೊದಲಿನ ಮುಖ ಹಾಗೇ ಉಳಿಯಿತು.

"ಏನ್ಲೇ ಮಾಡ್ಬುಟ್ಟೆ?" ಅಂದ ರಂಗಪ್ಪ.

"ಆ ಬಿಳಿ ಹುಡ್ಗಿ ನಾನಲ್ಲ ಕಣಪ್ಪ. ಅವ್ಳೇ ಬೇಕು ಅಂತ ಗಂಡಿನ ಕಡೆಯೋರು ಅಂದ್ರೆ ಎಲ್ಲಿಂದ ತರ್ತೀಯ?"

ಮತ್ತೆ ಬಿಳಿ ಬಳಿಯೋಣವೆಂದರೆ ನನಗೆ ಬಸ್ಸಿನ ಹೊತ್ತಾಗಿತ್ತು. ಇದ್ದ ಚಿತ್ರವೇ ಪಟ್ಟನಾಯಕನಹಳ್ಳಿಗೆ ಹೋಯಿತು. ಇನ್ನೊಂದು ಸಂಬಂಧ ನನ್ನ ಕೈಯಿಂದಲೇ ಕೆಟ್ಟಿತಲ್ಲ ಎಂದು ನಾನು ನಿಜವಾಗಿ ನೊಂದುಕೊಂಡೆ.

ಮೊನ್ನೆ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ರಂಗಪ್ಪ ಸಿಕ್ಕ. ತಲೆ ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ.

"ಗಂಡಿನ ಕಡೆಯೋರು ಬಂದು ನೋಡ್ಕೊಂಡು ಹೋದ್ರು ಮೇಷ್ಟ್ರೇ. ಚಿತ್ರದಾಗಿರೋದ್ಕಿಂತ ಹುಡ್ಗಿ ಬೆಳ್ಳಗವ್ಳೆ, ನೀವು ಮೋಸ ಮಾಡೋ ಜನ ಅಲ್ಲ ಅಂದ್ರು. ಒಪ್ಕೊಂಡವ್ರೆ."

ನೋಡಿ, ಬಣ್ಣ ಕೈಕೊಟ್ಟಿದ್ದಕ್ಕೆ ಪ್ರಾಮಾಣಿಕತೆಯ ಸರ್ಟಿಫಿಕೇಟು. ಸದ್ಯ, ಅಂತ ಉಸಿರು ಬಿಟ್ಟೆ. ಆದರೆ ರಂಗಪ್ಪನ ಮುಖದಲ್ಲಿ ಗೆಲುವಿರಲಿಲ್ಲ.

"ಮತ್ತೇನಯ್ಯ?"

"ಹುಡ್ಗಿ ಇನ್ನೂ ಹ್ಞೂಂ ಅಂದಿಲ್ಲ. ನೀವು ಹೋಗಿ ಗಂಡಿನ ಚಿತ್ರಾನೂ ಬರೀಬೇಕಂತೆ. ಒಣಗಿದ್ ಮ್ಯಾಲೆ ನೋಡಿ ಹೇಳ್ತಾಳಂತೆ."

ಭಾನುವಾರ ಪಟ್ಟನಾಯಕನಹಳ್ಳಿಗೆ ಹೊರಟಿದ್ದೇನೆ. ಗಂಡು ಜಗಲಿಯ ಮೇಲೆ ಅಲುಗದೆ ಕೂರುತ್ತಾನೆಯೆ?